ದೀಪಕ್ಕೆ ಗೊತ್ತಿಲ್ಲದ್ದು

ಬಾಯಾರಿನಲ್ಲಿ ನೀರು ಹುಡುಕುವುದೆಂದರೆ
ಗುಡ್ಡದ ಹೊಟ್ಟೆಗೆ ಅಡ್ಡಡ್ಡ ಹೋಗುವುದು.
ಒಬ್ಬಾಳು ಬಗ್ಗಿ ನಡೆಯುವಷ್ಟು ಸುರಂಗ,
ಮೊದಲು ಮುರಕಲ್ಲು, ಆಮೇಲೆ ಜೇಡಿ, ಆಮೇಲೆ ಒದ್ದೆ ಜೇಡಿ.
ಅಲ್ಲಿಗೆ ಮುಟ್ಟಿದರೆ ಮಾವ ಪಿಕ್ಕಾಸು ಕೆಳಗಿಟ್ಟು
ಗೋಡೆಗೆ ಕಿವಿ ಕೊಡುತ್ತಿದ್ದರು.

ನಾನು ಹೊರಗೆ, ಸುರಂಗದ ಬಾಯಿಯಲ್ಲಿ.
ಮಣ್ಣಿನ ಹೆಡಗೆ ಹಗ್ಗದಲ್ಲಿ ಎಳೆಯುವುದು, ಸುರಿಯುವುದು,
ನಡುನಡುವೆ ಒಳಗಿನ ಪೆಟ್ಟು ಎಣಿಸುವುದು.
ಎಣಿಸು ಎಂದು ಯಾರೂ ಹೇಳಿರಲಿಲ್ಲ.
ಕತ್ತಲೆಗೆ ಹೋದವರು ಇದ್ದಾರೆಂದು ತಿಳಿಯಲು
ನನಗೆ ಬೇರೆ ದಾರಿ ಇರಲಿಲ್ಲ.

ಅವರಿಗೆ ದೀಪ ಇತ್ತು.
ಗೋಡೆಯಲ್ಲೊಂದು ಗೂಡು, ತೆಂಗಿನೆಣ್ಣೆಯ ಹಣತೆ.
ಕುಗ್ಗಿದರೆ ತಿರುಗು,
ಆರಿದರೆ ಓಡು, ಪಿಕ್ಕಾಸು ಬಿಟ್ಟು ಓಡು.
ಮಾವನಿಗೆ ಅವರಪ್ಪ ಹೇಳಿದ ಮಾತು ಅದು.
ದೂಮಣ್ಣ ನಾಯ್ಕರು ತೋಡಿದ ನಲುವತ್ತು ಸುರಂಗದಲ್ಲೂ
ದೀಪ ಒಮ್ಮೆಯೂ ಮಾತು ತಪ್ಪಿರಲಿಲ್ಲ.

ಆ ವರ್ಷ ಪಗ್ಗು ತಿಂಗಳು, ಐವತ್ತೆರಡನೇ ಕೋಲಿನಲ್ಲಿ
ಮೊಣಕಾಲಿನವರೆಗೆ ನೀರು ನಿಂತಿತು. ಬಗ್ಗಿ ತೋಡಲು ಆಗದು.
ಇಸುಬು ಬ್ಯಾರಿ ಸೀಮೆಎಣ್ಣೆಯ ಪಂಪು ತಂದ. ಪೈಪು ಗಿಡ್ಡ.
ಪೈಪು ಮುಟ್ಟದಿದ್ದರೆ ಪಂಪೇ ಒಳಗೆ ಹೋಗಲಿ ಎಂದು ನಕ್ಕರು,
ಹೊತ್ತುಕೊಂಡು ಹೋಗಿ ಇಪ್ಪತ್ತು ಕೋಲಿನಲ್ಲಿ ಇಟ್ಟರು.

ಎಂಜಿನ್ನು ಕೂಗಿದಷ್ಟು ಹೊತ್ತು ನನ್ನ ಕಿವಿಗೆ ಲೆಕ್ಕವಿಲ್ಲ.
ನೋಡಿ ಬರಲು ಹೋಗಿದ್ದ ಶೀನಪ್ಪ ಚಾಯಕ್ಕೆ ಹೊರಗೆ ಬಂದ,
ತಲೆ ಸ್ವಲ್ಪ ಭಾರ ಅತ್ತಿಗೆ, ಎಂದ.
ಬೆಳಗ್ಗೆ ಏನೂ ತಿನ್ನದ್ದಕ್ಕೆ, ಎಂದೆ ನಾನು.
ಬೆಲ್ಲದ ತುಂಡು ಕೊಟ್ಟೆ. ತಿಂದ.

ಎಣ್ಣೆ ಮುಗಿದು ಪಂಪು ನಿಂತಿತು. ಹೊಗೆ ತೆಳುವಾಯಿತು.
ತೆಳುವಾದದ್ದನ್ನು ನಾವು ಹೋಯಿತು ಎಂದುಕೊಂಡೆವು.
ಇಬ್ಬರೂ ಒಳಹೊಕ್ಕರು, ದೀಪ ಮುಂದೆ.
ಪೆಟ್ಟು ಶುರುವಾಯಿತು. ನಾನೂ ಶುರು ಮಾಡಿದೆ.
ಮೂವತ್ತೊಂದು. ಮೂವತ್ತೆರಡು.
ಮೂವತ್ತಮೂರು ಕಲ್ಲಿಗೆ ಬೀಳಲಿಲ್ಲ, ನೀರಿಗೆ ಬಿದ್ದ ಹಾಗಿತ್ತು.
ಮೂವತ್ತನಾಲ್ಕಕ್ಕೆ ಕಾದೆ.
ಕಾದೆ.

ಇಸುಬುವನ್ನು ಕೂಗಿ, ಹಗ್ಗ ಹಿಡಿದು ನುಗ್ಗಿದೆ.
ಗೂಡಿನಲ್ಲಿ ಜ್ವಾಲೆ ನೆಟ್ಟಗೆ,
ದೇವರ ಮುಂದೆ ಇಟ್ಟ ಹಾಗೆ.
ಹೆಡಗೆ ಒಂದೇ.
ಮಾವ ಈಚೆ ಇದ್ದರು, ಅದಕ್ಕೆ ಮಾವನನ್ನು.
ನನ್ನ ಕಾಲು ಯಾರದ್ದೋ ಕಾಲಿನ ಹಾಗೆ ಬರುತ್ತಿತ್ತು.
ಎರಡನೇ ಸಲ ಇಸುಬು ನನ್ನನ್ನು ಬಿಡಲಿಲ್ಲ, ತಾನು ಹೋದ.

ಶೀನಪ್ಪನ ಕೆನ್ನೆ ಕೆಂಪಗಿತ್ತು.
ನೋಡಲು ಬಂದವರು ಮದುಮಗನ ಹಾಗಿದ್ದಾನೆ ಎಂದು
ಬಾಯಿಗೆ ಸೆರಗು ಹಿಡಿದರು.

ಕಾಸರಗೋಡಿನ ಡಾಕ್ಟರು ಹೇಳಿದ್ದು ಮಲಯಾಳದಲ್ಲಿ,
ಕಾಗದದಲ್ಲಿ ಬರೆದದ್ದೂ ಅದರಲ್ಲೇ, ಗುಂಡು ಗುಂಡು.
ಓದಿ ಹೇಳಲು ಶಾಲೆ ಹುಡುಗನನ್ನು ಕರೆಸಿದೆವು.
ಬಣ್ಣ ಇಲ್ಲದ್ದಂತೆ, ವಾಸನೆ ಇಲ್ಲದ್ದಂತೆ.
ದೀಪಕ್ಕೆ ಬೇಕಾದ ಗಾಳಿ ಅಲ್ಲಿ ಇತ್ತಂತೆ,
ರಕ್ತದೊಳಗೆ ಅದರ ಜಾಗದಲ್ಲಿ ಬೇರೆ ಯಾರೋ ಕೂತಿದ್ದರಂತೆ.

ಮಾವ ಆಮೇಲೆ ಏಳು ವರ್ಷ ಇದ್ದರು.
ಉಪ್ಪಿನ ಹೆಸರು ಮರೆತರು, ನನ್ನ ಹೆಸರು ಮರೆತರು.
ಸಂಜೆ ದೀಪ ಹಚ್ಚಿದರೆ ಅಂಗಳಕ್ಕೆ ಎದ್ದು ಹೋಗುತ್ತಿದ್ದರು.
ಸಿಟ್ಟೋ ಎಂದು ಕೇಳಿದರೆ, ಇಲ್ಲ,
ಪಾಪ, ಅದಕ್ಕೇನು ಗೊತ್ತು, ಎನ್ನುತ್ತಿದ್ದರು.

ಈಗ ನನ್ನ ಮಗ ಪುರಂದರ ತೋಡುತ್ತಾನೆ.
ಕೊರಳಿನಲ್ಲಿ ಹಳದಿ ಡಬ್ಬಿ, ಬೆಂಕಿಪೆಟ್ಟಿಗೆಗಿಂತ ಒಂದಿಷ್ಟು ದೊಡ್ಡದು.
ಎಂಜಿನ್ನು ಎಷ್ಟೇ ದೂರ ಇರಲಿ, ಹೊರಗೇ.
ಡಬ್ಬಿ ಮೊದಲ ಸಲ ಕಿರುಚಿದ್ದು ಸುರಂಗದಲ್ಲಲ್ಲ,
ನಮ್ಮ ಬಚ್ಚಲಿನಲ್ಲಿ!
ಚಳಿಗೆ ಬಾಗಿಲು ಹಾಕಿ ಕೆಂಡದೊಲೆ ಮುಂದೆ
ಮೊಮ್ಮಗುವಿಗೆ ಎಣ್ಣೆ ಹಚ್ಚುತ್ತಿದ್ದೆ.
ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದೆ,
ಮೈಯೆಲ್ಲ ಎಣ್ಣೆ, ಎರಡು ಸಲ ಜಾರಿತು.

ಇನ್ನು ನೀವು ಬಿಸಿಲಲ್ಲಿ ಕೂರುವುದು ಬೇಡಮ್ಮ, ಎನ್ನುತ್ತಾನೆ,
ಸೊನ್ನೆ ತೋರಿಸುತ್ತದೆ ನೋಡಿ, ಸೊನ್ನೆ ಎಂದರೆ ಒಳ್ಳೆಯದು.
ಹೌದು ಮಗ, ಎನ್ನುತ್ತೇನೆ.
ಅವನು ಬಗ್ಗಿ ಒಳಗೆ ಹೋಗುತ್ತಾನೆ.
ನಾನು ಕಲ್ಲಿನ ಮೇಲೆ ಕೂತು ಕಾಲು ಚಾಚುತ್ತೇನೆ.
ಒಂದು.
ಎರಡು.